ಕದನ ನಿಂತ ಸಂಜೆ ಮತ್ತು ಮಸ್ಕಿಯ ಬಂಡೆ



ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ರಾಷ್ಟ್ರಧ್ವಜ ಏರುತ್ತದೆ. ಶಾಲಾ ಮಕ್ಕಳು ಸಾಲಾಗಿ ನಿಂತು ನಾಡಗೀತೆ ಹಾಡುತ್ತಾರೆ. ಬಹುಕಾಲ ನಾವು ಇದನ್ನು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಕರೆದೆವು. 2019ರಲ್ಲಿ ಈ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಾದ ಮೇಲೆ ಇದು ಕಲ್ಯಾಣ ಕರ್ನಾಟಕ ಉತ್ಸವ ದಿನವಾಯಿತು. ನಾಡಿನ ಬೇರೆ ಭಾಗದವರು ಆಗಸ್ಟ್ 15ರಂದು ಮಾತ್ರ ಧ್ವಜ ಏರಿಸಿ ಸ್ವಾತಂತ್ರ್ಯವನ್ನು ನೆನೆದರೆ ನಾವು ಮುಂದಿನ ತಿಂಗಳೂ ಮತ್ತೊಮ್ಮೆ ಏರಿಸುತ್ತೇವೆ. ಏಕೆಂದು ಮಕ್ಕಳು ಕೇಳಿದರೆ ಏನು ಹೇಳುತ್ತೇವೆ? ಒಂದು ಯುದ್ಧ ನಿಂತಿತು ಎನ್ನುತ್ತೇವೆ. ಅದು ಹೇಗೆ ನಿಂತಿತು, ನಿಂತ ಮೇಲೆ ಏನಾಯಿತು ಎಂಬುದನ್ನೂ ನಾವು ತಿಳಿದಿರಬೇಕು.

ಐದು ದಿನಗಳ ಕದನ

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ರಾಯಚೂರು, ಗುಲ್ಬರ್ಗಾ, ಬೀದರ್ ಎಂಬ ಮೂರು ಕನ್ನಡ ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದೊಳಗಿದ್ದವು. ಒಂದೂವರೆ ಕೋಟಿಗೂ ಹೆಚ್ಚು ಪ್ರಜೆಗಳಿದ್ದ ಆ ಸಂಸ್ಥಾನದ ಒಡೆಯರು ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನ್. ಅವರು ಭಾರತವನ್ನು ಸೇರಲು ಒಪ್ಪಲಿಲ್ಲ. 1947ರ ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆದರೆ ಆ ವರ್ಷ ಹಳ್ಳಿಗಳ ಪಾಲಿಗೆ ಯಥಾಸ್ಥಿತಿಯಾಗಿರಲಿಲ್ಲ. ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರು ಊರೂರಿಗೆ ನುಗ್ಗಿ ಲೂಟಿ ಮಾಡಿದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಇಂದಿಗೂ ಜನ ಮರೆತಿಲ್ಲ.

ನಮ್ಮ ಸಿಂಧನೂರು ಸೀಮೆಗೆ ತುಂಗಭದ್ರೆಯೇ ಗಡಿ. ಈ ದಡ ನಿಜಾಮರದು, ಆ ದಡ ಬಳ್ಳಾರಿ ಜಿಲ್ಲೆ, ಅಂದರೆ ಸ್ವತಂತ್ರ ಭಾರತ. ಜೀವಭಯದಿಂದ ಅನೇಕರು ಮನೆ, ಹೊಲ, ದನಕರುಗಳನ್ನು ಬಿಟ್ಟು ಗಡಿ ದಾಟಿದರು. ಗಡಿಯಾಚೆಯ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಅಳವಂಡಿ ಶಿವಮೂರ್ತಿಸ್ವಾಮಿಯವರು ಮುಂಡರಗಿಯ ಶಿಬಿರವನ್ನು ಕಟ್ಟಿದರು. ಇಡೀ ಸಂಸ್ಥಾನದ ಹೋರಾಟಕ್ಕೆ ಸ್ವಾಮಿ ರಮಾನಂದ ತೀರ್ಥರು ನಾಯಕರಾಗಿದ್ದರು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹಲವು ದಿಕ್ಕುಗಳಿಂದ ಸಂಸ್ಥಾನವನ್ನು ಪ್ರವೇಶಿಸಿತು. ಸೇನೆಯ ದಾಖಲೆಯಲ್ಲಿ ಇದು 'ಆಪರೇಷನ್ ಪೋಲೊ', ನಮ್ಮ ಹಿರಿಯರ ಬಾಯಲ್ಲಿ 'ಪೊಲೀಸ್ ಆಕ್ಷನ್'. ಐದೇ ದಿನಗಳಲ್ಲಿ ಎಲ್ಲವೂ ಮುಗಿಯಿತು.

ಬಾನುಲಿಯಲ್ಲಿ ನಿಜಾಮರು

ಸೆಪ್ಟೆಂಬರ್ 17ರಂದು ಪ್ರಧಾನಿ ಲಾಯಕ್ ಅಲಿಯ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಅಂದು ಸಂಜೆ ನಿಜಾಮರು ಹೈದರಾಬಾದಿನ ಬಾನುಲಿಯಲ್ಲಿ ಮಾತನಾಡಿದರು. ಫರ್ಮಾನುಗಳ ಮೂಲಕ ಆಳಿದ ಅರಸರಿಗೆ ಧ್ವನಿವರ್ಧಕದ ಮುಂದೆ ಕುಳಿತು ಪ್ರಜೆಗಳೊಂದಿಗೆ ಮಾತನಾಡುವುದು ರೂಢಿಯ ಕೆಲಸವಾಗಿರಲಿಲ್ಲ. ಭಾಷಣವನ್ನು ಸಿದ್ಧಪಡಿಸುವುದರಲ್ಲಿ ಹೈದರಾಬಾದಿನಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿದ್ದ ಕೆ. ಎಂ. ಮುನ್ಷಿಯವರ ಪಾತ್ರವಿತ್ತು. ಮಂತ್ರಿಮಂಡಲ ಹೋಗಿದೆ, ಸೇನೆಗೆ ಕದನ ನಿಲ್ಲಿಸಲು ಆಜ್ಞೆಯಾಗಿದೆ, ರಜಾಕಾರರ ಪಡೆ ಇನ್ನಿಲ್ಲ, ಭಾರತದ ಸೇನೆ ರಾಜಧಾನಿಗೆ ಬರಬಹುದು ಎಂಬುದು ಆ ಘೋಷಣೆಯ ಸಾರ. ಮರುದಿನ ನಿಜಾಮರ ಸೇನಾಪತಿ ಎಲ್ ಎದ್ರೂಸ್ ಅವರು ಮೇಜರ್ ಜನರಲ್ ಜೆ. ಎನ್. ಚೌಧುರಿಯವರಿಗೆ ಶರಣಾದರು.

ಆಗ ಹಳ್ಳಿಗಳಲ್ಲಿ ರೇಡಿಯೋ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಒಬ್ಬರಿಂದ ಒಬ್ಬರಿಗೆ ಬಾಯಿಮಾತಿನಲ್ಲೇ ಸುದ್ದಿ ಹಬ್ಬಿತು. ಗಡಿ ದಾಟಿದ್ದವರು ತಮ್ಮ ಊರಿನ ದಾರಿ ಹಿಡಿದರು. ಭಯದಲ್ಲಿ ಬದುಕಿದವರು ನೆಮ್ಮದಿಯ ಉಸಿರುಬಿಟ್ಟರು. ಆ ಸಂತೋಷ ನಿಜವಾದುದು. ನಾವು ಧ್ವಜ ಏರಿಸುವುದು ಅದರ ನೆನಪಿಗಾಗಿಯೇ.

ಘೋಷಣೆಯ ಮರುದಿನ

ಆದರೆ ಆ ಸಂಜೆಗೆ ಕಥೆ ಮುಗಿಯಲಿಲ್ಲ. ಫಿರಂಗಿಗಳು ನಿಂತ ಮೇಲೆ ಸೇಡು ಆರಂಭವಾಯಿತು. ರಜಾಕಾರರ ಪಾಪಕ್ಕೆ, ರಜಾಕಾರರೇ ಅಲ್ಲದ ಸಾಮಾನ್ಯ ಮುಸ್ಲಿಮರು ಅನೇಕ ಕಡೆ ಬೆಲೆ ತೆತ್ತರು. ವರದಿಗಳನ್ನು ಕೇಳಿ ಕಳವಳಗೊಂಡ ನೆಹರೂ ಸರ್ಕಾರ ಪಂಡಿತ್ ಸುಂದರಲಾಲರ ನೇತೃತ್ವದಲ್ಲಿ ಒಂದು ತಂಡವನ್ನು ಕಳಿಸಿತು. 1948ರ ಕೊನೆಯಲ್ಲಿ ಸಂಸ್ಥಾನವನ್ನು ಸುತ್ತಿದ ಆ ತಂಡ, ಕಾರ್ಯಾಚರಣೆಯ ಸಮಯದಲ್ಲಿ ಮತ್ತು ನಂತರ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲೇ ಇಲ್ಲ. ಅತಿ ಹೆಚ್ಚು ನೊಂದ ಜಿಲ್ಲೆಗಳ ಪೈಕಿ ನಮ್ಮ ನೆರೆಯ ಬೀದರ್ ಮತ್ತು ಗುಲ್ಬರ್ಗಾ ಸೇರಿದ್ದವು.

ಇದೇ ವರದಿಯಲ್ಲಿ ಮತ್ತೊಂದು ಮಾತೂ ಇದೆ. ತಮ್ಮ ಪ್ರಾಣವನ್ನೇ ಪಣಕ್ಕಿಟ್ಟು ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳಿದ್ದರು. ವಿಶೇಷವಾಗಿ, ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ರಕ್ಷಿಸಿದರು. ಒಂದೇ ಕಸುಬು ಮಾಡಿ, ಒಂದೇ ಸಂತೆಯಲ್ಲಿ ಸೀರೆ ಮಾರಿ ಬದುಕಿದ್ದವರು ಅವರು. ಕದನವನ್ನು ನಿಲ್ಲಿಸಲು ಅರಸನ ಒಂದು ಭಾಷಣ ಸಾಕಾಯಿತು. ಆದರೆ ನೆರೆಮನೆಯವರ ಜೀವ ಉಳಿಸಲು ಆ ಭಾಷಣ ಸಾಲಲಿಲ್ಲ. ಅದಕ್ಕೆ ಬಾಗಿಲಲ್ಲಿ ಅಡ್ಡ ನಿಲ್ಲುವ ಒಬ್ಬ ನೇಕಾರ ಬೇಕಾಯಿತು.

ಮಸ್ಕಿಯ ಬಂಡೆ ಹೇಳುವುದೇನು?

ಇಲ್ಲಿ ನಾವು ನಮ್ಮ ಮಸ್ಕಿಯ ದುರ್ಗದ ಗುಡ್ಡವನ್ನು ನೆನೆಯಬೇಕು. ಇದೇ ಏಳನೆಯ ನಿಜಾಮರ ಆಳ್ವಿಕೆಯಲ್ಲಿ, 1915ರಲ್ಲಿ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಅಲ್ಲಿಯ ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯ ಶಾಸನವೊಂದನ್ನು ಕಂಡರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಆ ಅರಸ ಅಶೋಕನೇ ಎಂಬುದು ಬೇರೆ ಗ್ರಂಥಗಳ ನೆರವಿನಿಂದ ಮಾಡಿದ ಊಹೆಯಾಗಿತ್ತು. ಮಸ್ಕಿಯ ಬಂಡೆಯಲ್ಲಿ 'ಅಶೋಕ' ಎಂಬ ಹೆಸರೇ ಇತ್ತು. ಊಹೆ ಖಚಿತವಾಯಿತು.

ಅಶೋಕನೂ ಒಂದು ಯುದ್ಧದ ಅಂತ್ಯವನ್ನು ಸಾರಿದವನೇ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದ ಮೇಲೆ ಅವನು ಕಳಿಂಗವನ್ನು ಗೆದ್ದ. ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರು, ಅದಕ್ಕೂ ಎಷ್ಟೋ ಪಟ್ಟು ಜನ ನಂತರ ಸತ್ತರು ಎಂದು ಅವನೇ ತನ್ನ ಹದಿಮೂರನೆಯ ಬಂಡೆಗಲ್ಲು ಶಾಸನದಲ್ಲಿ ಪಶ್ಚಾತ್ತಾಪದಿಂದ ಬರೆಸಿದ್ದಾನೆ. ಗೆದ್ದ ಅರಸನೇ ಸೋತವರ ನೋವನ್ನು ಲೆಕ್ಕ ಹಾಕುವುದು ಇತಿಹಾಸದಲ್ಲಿ ಅಪರೂಪ.

ಇನ್ನೊಂದು ವಿಚಾರವೂ ಇದೆ. ಆ ಪಶ್ಚಾತ್ತಾಪದ ಶಾಸನ ಕಳಿಂಗದ ಬಂಡೆಗಳ ಮೇಲೆ ಇಲ್ಲ. ಅಲ್ಲಿ ಅದರ ಬದಲು ಅಧಿಕಾರಿಗಳಿಗೆ ಕೊಟ್ಟ ಆಜ್ಞೆಗಳಿವೆ: ಎಲ್ಲ ಜನರೂ ನನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಪೀಡಿಸಬೇಡಿ. ಗಾಯಗೊಂಡ ನಾಡಿಗೆ ಅರಸನು ಕೊಟ್ಟದ್ದು ನ್ಯಾಯದ ನಡತೆಯ ಭರವಸೆ. ಇದೇ ಆಜ್ಞೆಗಳು ಗುಲ್ಬರ್ಗಾ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತವು. ಅವುಗಳ ಜೊತೆ ಹನ್ನೆರಡನೆಯ ಶಾಸನವೂ ಇತ್ತು. ಪರಧರ್ಮವನ್ನು ಹಳಿಯುವವನು ತನ್ನ ಧರ್ಮಕ್ಕೇ ಕೇಡು ಮಾಡುತ್ತಾನೆ ಎಂಬುದು ಅದರ ತಿರುಳು. 1948ರ ಆ ದಿನಗಳಲ್ಲಿ ಈ ಮಾತು ಸನ್ನತಿಯಲ್ಲಿ ಇನ್ನೂ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು.

ಮಸ್ಕಿಯ ಶಾಸನ ಚಿಕ್ಕದು. ಅದು ಯುದ್ಧದ ಬಗ್ಗೆ ಮಾತನಾಡುವುದಿಲ್ಲ. ತಾನು ಧರ್ಮಮಾರ್ಗದಲ್ಲಿ ಶ್ರಮಿಸಿದ ಬಗೆಯನ್ನು ತಿಳಿಸಿ, ಈ ಗುರಿಯನ್ನು ದೊಡ್ಡವರು ಮಾತ್ರ ಮುಟ್ಟಬಲ್ಲರೆಂದು ಭಾವಿಸಬೇಡಿ, ಧರ್ಮದಲ್ಲಿ ನಡೆದರೆ ಚಿಕ್ಕವರಿಗೂ ಅದು ಸಾಧ್ಯ, ಇಬ್ಬರಿಗೂ ಇದನ್ನು ತಿಳಿಸಿ, ಹಾಗೆ ನಡೆದರೆ ಒಳಿತು ಒಂದೂವರೆ ಪಟ್ಟು ಬೆಳೆಯುತ್ತದೆ ಎನ್ನುತ್ತದೆ. ಆ ನೇಕಾರರು ಈ ಶಾಸನವನ್ನು ಓದಿದವರಲ್ಲ, ಆದರೂ ಅದರಂತೆ ನಡೆದರು.

ಒಳಿತು ಬೆಳೆದ ಬಗೆ

ನಮ್ಮ ನೆಲದಲ್ಲಿಯೂ ಒಳಿತು ಬೆಳೆದಿದೆ. ಒಮ್ಮೆ ಗಡಿಯಾಗಿದ್ದ ತುಂಗಭದ್ರೆಗೆ 1945ರಲ್ಲಿ ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳು ಸೇರಿ ಅಣೆಕಟ್ಟೆಯ ಅಡಿಗಲ್ಲು ಹಾಕಿದ್ದವು. 1953ರಲ್ಲಿ ನೀರು ಕಾಲುವೆಗೆ ಹರಿಯಿತು. ಎಡದಂಡೆ ಕಾಲುವೆಯ ನೀರು ಕುಡಿದ ಸಿಂಧನೂರು ಭತ್ತದ ಕಣಜವಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಇತರ ಕನ್ನಡಿಗರೊಡನೆ ಒಂದಾಯಿತು. ಮುಂದೆ ಪೂರ್ವ ಪಾಕಿಸ್ತಾನವನ್ನು ಬಿಟ್ಟು ಬಂದ ಬಂಗಾಳಿ ನಿರಾಶ್ರಿತ ಕುಟುಂಬಗಳಿಗೆ ಇದೇ ಸಿಂಧನೂರಿನ ಸುತ್ತ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆ ಸಿಕ್ಕಿತು. ತಾನೇ ನಿರಾಶ್ರಿತರನ್ನು ಕಂಡಿದ್ದ ಸೀಮೆ ದೂರದ ನಿರಾಶ್ರಿತರಿಗೆ ಮನೆಯಾಯಿತು.

ಆದ್ದರಿಂದ, ಆತ್ಮೀಯರೇ, ಈ ಸೆಪ್ಟೆಂಬರ್ 17ರಂದು ಧ್ವಜವಂದನೆ ಮುಗಿದ ಮೇಲೆ ಮಕ್ಕಳಿಗೆ ಎರಡೂ ವಿಷಯ ಹೇಳೋಣ: ಬಾನುಲಿಯ ಘೋಷಣೆಯನ್ನೂ, ನೇಕಾರರ ಧೈರ್ಯವನ್ನೂ. ಬಿಡುವಿದ್ದರೆ ಅವರನ್ನು ಮಸ್ಕಿಯ ಗುಡ್ಡಕ್ಕೆ ಕರೆದೊಯ್ದು ಆ ಬಂಡೆಯನ್ನು ತೋರಿಸೋಣ. ನಮ್ಮ ಓಣಿಯಲ್ಲಿ ಮಾತು ಬಿಟ್ಟ ನೆರೆಮನೆಯವರಿದ್ದರೆ, ಮೊದಲು ಅವರ ಬಾಗಿಲು ತಟ್ಟಿ, ಅವರ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗೋಣ.