ಕಲ್ಲುಹೂವು ಮತ್ತು ಯೂರಿಯಾ ಚೀಲ: ಗಾಳಿಯಿಂದ ಬಂದ ಗೊಬ್ಬರದ ಕಥೆ

ಮೊದಲ ಫೋಟೋ ಸ್ವಲ್ಪ ಜೂಮ್ ಮಾಡಿ ನೋಡಿ. ಮೂಡಿಗೆರೆಯಿಂದ ಕೊಟ್ಟಿಗೆಹಾರ ದಾಟಿ ಕಳಸದ ಕಡೆ ಹೋಗೋ ದಾರಿಯಲ್ಲಿ, ತೋಟದ ಸಿಲ್ವರ್ ಮರ ಒಂದರ ಕಾಂಡ ಇದು. ಅದರ ಮೇಲೆ ಬೂದು ಹಸಿರು ಬಣ್ಣದ, ಸುರುಟಿದ ಕಾಗದದ ಚೂರಿನ ಥರ ಅಂಟಿಕೊಂಡಿದೆಯಲ್ಲ, ಅದೇ ಕಲ್ಲುಹೂವಿನ ಜಾತಿ. ಬಿರಿಯಾನಿ ಮಸಾಲೆಯಲ್ಲಿ ಇದರ ಬಂಧುವನ್ನ ನೀವು ತಿಂದೇ ಇರ್ತೀರಿ. ನಮ್ಮ ಬಯಾಲಜಿ ಪುಸ್ತಕದಲ್ಲಿ ಇದಕ್ಕೆ ಲೈಕೆನ್ ಅಂತ ಹೆಸರು: ಶಿಲೀಂಧ್ರ ಮತ್ತು ಪಾಚಿ ಒಟ್ಟಿಗೆ ಮಾಡೋ ಸಂಸಾರ. ಬೇರಿಲ್ಲ. ಬೇಕಾದ್ದನ್ನೆಲ್ಲ ಮಳೆ, ಮಂಜು, ಗಾಳಿಯಿಂದಲೇ ಹೀರಬೇಕು. ಗಾಳಿಯಲ್ಲಿ ಏನಿದೆಯೋ ಅದೇ ಅದರ ಊಟ.

ಈಗ ಹಿಂದಕ್ಕೆ ಹೋಗೋಣ.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದ್ರೆ ಗಿಡಗಳಿಗೆ ಅದು ಸಮುದ್ರದ ಮಧ್ಯೆ ಬಾಯಾರಿ ನಿಂತ ಹಾಗೆ: ಸುತ್ತ ನೀರೇ, ಕುಡಿಯೋಕೆ ಒಂದು ಹನಿ ಇಲ್ಲ. ಆ ಅನಿಲವನ್ನ ಅಮೋನಿಯಾ, ನೈಟ್ರೇಟ್ ಆಗಿ ಬದಲಾಯಿಸೋರು ಇಬ್ಬರೇ ಇದ್ರು: ಮಿಂಚು, ಮತ್ತು ಕೆಲವು ಬ್ಯಾಕ್ಟೀರಿಯಾ. ಬಾಬಾ ಬುಡನ್ 17ನೇ ಶತಮಾನದಲ್ಲಿ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಹಾಕಿದ್ರು ಅಂತ ಹೇಳ್ತೀವಲ್ಲ, ಆ ಕಾಲದ ಈ ಬೆಟ್ಟಗಳು ಸಾರಜನಕದ ಲೆಕ್ಕದಲ್ಲಿ ತುಂಬಾ ಬಿಗಿ ಕೈಯಿನ ಮನೆ. ಬಿದ್ದ ಎಲೆ ಕೊಳೀಬೇಕು, ಅದನ್ನೇ ಬೇರು ಮತ್ತೆ ಎತ್ತಬೇಕು, ಉಳಿದದ್ದನ್ನ ಜೂನ್‌ ಜುಲೈ ಮಳೆ ತೊಳೆದುಕೊಂಡು ಹೋಗುತ್ತೆ.

ಆ ಬಡತನ ನಮ್ಮ ಹಿರಿಯರಿಗೂ ಗೊತ್ತಿತ್ತು. ಕೊಟ್ಟಿಗೆಗೆ ಸೊಪ್ಪು ಹಾಸೋದು, ದರಗು ಗುಡಿಸಿ ತರೋದು, ಗೊಬ್ಬರದ ಗುಂಡಿಗೆ ಒಂದು ಹಿಡಿ ಸಗಣಿಯೂ ತಪ್ಪದ ಹಾಗೆ ನೋಡಿಕೊಳ್ಳೋದು ಅದಕ್ಕೇ. ಕಾಫಿ ಮಧ್ಯೆ ನೆರಳಿಗೆ ಹಾಲುವಾಣ ನೆಟ್ಟದ್ದೂ ಸುಮ್ಮನೆ ಅಲ್ಲ. ಅದರ ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯೋ ಬ್ಯಾಕ್ಟೀರಿಯಾ ಇರುತ್ತೆ.

ಬಡತನ ಮುರಿದದ್ದು ಜರ್ಮನಿಯಲ್ಲಿ. 1909ರಲ್ಲಿ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿ ತೋರಿಸಿದ. 1913ರಲ್ಲಿ ಕಾರ್ಲ್ ಬಾಷ್ ಒಪ್ಪಾವ್ ಅನ್ನೋ ಊರಲ್ಲಿ ಅದನ್ನ ಕಾರ್ಖಾನೆಯ ಮಟ್ಟಕ್ಕೆ ತಂದ. ಮರುವರ್ಷವೇ ಮಹಾಯುದ್ಧ, ಗೊಬ್ಬರದ ಅಮೋನಿಯಾ ಸಿಡಿಮದ್ದಿಗೆ ಹೋಯ್ತು. (ಇದೇ ಹೇಬರ್ 1915ರಲ್ಲಿ ಯುದ್ಧಭೂಮಿಯಲ್ಲಿ ಕ್ಲೋರಿನ್ ವಿಷಾನಿಲ ಬಿಡಿಸಿದವನು. ಆಮೇಲೆ ನೊಬೆಲ್ ಕೂಡ ಬಂತು. ಅವನ ಕಥೆಗೇ ಒಂದು ಸೀರೀಸ್ ಬೇಕು ಮಾರಾಯ್ರೆ.)

ಆ ವಿದ್ಯೆ ನಮ್ಮ ಕಡೆ ಬರೋಕೆ ಬಹಳ ಕಾಲ ಹಿಡೀಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಮೈಸೂರು ಹತ್ತಿರದ ಬೆಳಗೊಳದಲ್ಲಿ ಗೊಬ್ಬರದ ಕಾರ್ಖಾನೆ ಶುರುವಾಗಿತ್ತು. 1976ರಲ್ಲಿ ಘಟ್ಟದ ಕೆಳಗೆ ಪಣಂಬೂರಿನಲ್ಲಿ ಯೂರಿಯಾ ತಯಾರಾಗತೊಡಗಿತು. ಬಾಳೆಹೊನ್ನೂರಿನಲ್ಲಿ 1925ರಿಂದಲೇ ಕಾಫಿ ಸಂಶೋಧನಾ ಕೇಂದ್ರ ಇತ್ತು. ಹೂವಿಗೆ ಮುಂಚೆ, ಹೂವಾದ ಮೇಲೆ, ಮಳೆಗಾಲದ ನಡುವೆ, ಮಳೆ ಮುಗಿದ ಮೇಲೆ ಅಂತ ಗೊಬ್ಬರದ ಕಂತುಗಳು ನಮ್ಮ ಮನೆಗಳ ಪಂಚಾಂಗ ಸೇರಿದವು. ಇಳುವರಿ ಏರಿತು. ಆ ದುಡ್ಡಲ್ಲೇ ನಮ್ಮಲ್ಲಿ ಎಷ್ಟೋ ಜನ ಓದ್ತಾ ಇದ್ದೀವಿ, ಅದನ್ನ ಮರೆತು ಮಾತಾಡೋದು ಸರಿಯಲ್ಲ.

ಆದ್ರೆ ಹಾಕಿದ್ದೆಲ್ಲ ಗಿಡಕ್ಕೆ ಹೋಗಲ್ಲ. ಯೂರಿಯಾದಲ್ಲಿ 46% ಸಾರಜನಕ. ಹದ ಮಾತ್ರ ಇರೋ ಮಣ್ಣಿನ ಮೇಲೆ ಚೆಲ್ಲಿ, ಮೇಲೆ ಮಳೆ ಬರದೇ ಹೋದ್ರೆ, ಮಣ್ಣಿನ ಯೂರಿಯೇಸ್ ಅನ್ನೋ ಕಿಣ್ವ ಅದನ್ನ ಅಮೋನಿಯಾ ಮಾಡಿ ಗಾಳಿಗೆ ಬಿಡುತ್ತೆ. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ, ಹೊಸದಾಗಿ ಇಳಿಸಿದ ಕೋಳಿ ಗೊಬ್ಬರದ ಲೋಡಿನ ಹತ್ತಿರ ಮೂಗಿಗೆ ಚುರುಕ್ ಅನ್ನುತ್ತಲ್ಲ, ಅದೇ ವಾಸನೆ. ಇದರ ಜೊತೆಗೆ ವೀಕೆಂಡ್‌ನಲ್ಲಿ ಮುಳ್ಳಯ್ಯನಗಿರಿ ಹತ್ತೋ ವಾಹನಗಳ ಹೊಗೆಯಲ್ಲಿ ಸಾರಜನಕದ ಆಕ್ಸೈಡುಗಳು ಇರುತ್ತವೆ. ಗಾಳಿಯಿಂದ ತೆಗೆದದ್ದು ಗಾಳಿಗೇ ವಾಪಸ್ ಹೋಗಿ, ಕೇಳದೇ ಇದ್ದವರ ತಲೆ ಮೇಲೆ ಬೀಳುತ್ತೆ. ಕೇಳದೇ ಇದ್ದವರು ಅಂದ್ರೆ ಶೋಲಾ ಕಾಡು, ಬೆಟ್ಟದ ಹುಲ್ಲು, ಮರದ ಮೇಲಿನ ಸೀತಾಳೆ, ಕಲ್ಲುಹೂವು.

ಗೊಬ್ಬರ ಬಿದ್ರೆ ಕಾಡಿಗೂ ಒಳ್ಳೇದೇ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಇದಕ್ಕೆ ಉತ್ತರ ಇಂಗ್ಲೆಂಡಿನ ರೊತಾಮ್‌ಸ್ಟೆಡ್‌ನಲ್ಲಿದೆ. ಅಲ್ಲಿ 1856ರಲ್ಲಿ ಒಂದು ಹುಲ್ಲುಗಾವಲನ್ನ ಪಟ್ಟಿಪಟ್ಟಿಯಾಗಿ ಹಂಚಿ ಬೇರೆ ಬೇರೆ ಗೊಬ್ಬರ ಹಾಕಿ ನೋಡೋಕೆ ಶುರುಮಾಡಿದ್ರು, ಇವತ್ತಿಗೂ ನಿಲ್ಲಿಸಿಲ್ಲ. ಏನೂ ಹಾಕದ ಪಟ್ಟಿಯಲ್ಲಿ ಸುಮಾರು 40 ಜಾತಿಯ ಗಿಡಗಳಿವೆ. ಸುಣ್ಣ ಕೊಡದೆ ಅಮೋನಿಯಂ ಸಲ್ಫೇಟ್ ಜಾಸ್ತಿ ಹಾಕಿದ ಪಟ್ಟಿಗಳಲ್ಲಿ ಎರಡೋ ಮೂರೋ ಜಾತಿ ಮಾತ್ರ. ಹಸಿರಾಗೇ ಇದೆ, ಎತ್ತರವಾಗೂ ಇದೆ. ಬೇಗ ಬೆಳೆಯೋ ಒಂದೆರಡು ಹುಲ್ಲು ಎದ್ದು ನಿಂತು ಉಳಿದವರಿಗೆ ಬೆಳಕೇ ಬಿಡಲಿಲ್ಲ; ಮಣ್ಣೂ ಹುಳಿಯಾಯ್ತು. ನಮ್ಮ ತೋಟದ ಮಣ್ಣು ಹುಳಿಯಾದ್ರೆ ನಾವು ಸುಣ್ಣ ಹಾಕ್ತೀವಿ. ಕುದುರೆಮುಖದ ಹುಲ್ಲಿಗೆ ಯಾರು ಸುಣ್ಣ ಹಾಕ್ತಾರೆ?

ಬಡತನಕ್ಕೇ ಒಗ್ಗಿಕೊಂಡ ಗಿಡಗಳಿಗೆ ಇದು ಇನ್ನೂ ವಿಚಿತ್ರ. ಮಳೆಗಾಲದಲ್ಲಿ ಬಾಬಾಬುಡನ್ ಬೆಟ್ಟದ ಹುಲ್ಲಿನ ನಡುವೆ ಡ್ರೊಸೆರಾ ಸಿಗುತ್ತೆ, ಎಲೆ ತುದಿಯಲ್ಲಿ ಜೇನಿನಂಥ ಹನಿ ಇಟ್ಟುಕೊಂಡು ಹುಳ ಹಿಡಿಯೋ ಪುಟ್ಟ ಗಿಡ (ಮೂರನೇ ಫೋಟೋ). ಅದು ಹುಳ ತಿನ್ನೋದೇ ಸಾರಜನಕಕ್ಕಾಗಿ. ಸ್ವೀಡನ್ನಿನಲ್ಲಿ ಇದರ ಬಂಧುವನ್ನ ಪರೀಕ್ಷೆ ಮಾಡಿದ್ರೆ, ಮಳೆಯಲ್ಲಿ ಸಾರಜನಕ ಜಾಸ್ತಿ ಬೀಳೋ ಕಡೆ ಅದು ಹುಳದ ಮೇಲೆ ಅವಲಂಬನೆ ಕಮ್ಮಿ ಮಾಡಿಕೊಂಡಿತ್ತು. ಜಾಣತನವೇ ಸರಿ, ಆದ್ರೆ ಪಕ್ಕದ ಹುಲ್ಲು ಎತ್ತರವಾದ್ರೆ ಇಷ್ಟೇ ಎತ್ತರದ ಗಿಡ ಎಲ್ಲಿಗೆ ಹೋಗಬೇಕು?

ಎಲ್ಲಕ್ಕಿಂತ ಮೊದಲು ಹೇಳೋದು ಲೈಕೆನ್. ಅಮೋನಿಯಾ ತೊಗಟೆಯ ಹುಳಿ ಗುಣವನ್ನ ಕಮ್ಮಿ ಮಾಡುತ್ತೆ. ಹುಳಿ ತೊಗಟೆ ಬೇಕಾದ ಜಾತಿಗಳು ಹೋಗ್ತವೆ, ಸಾರಜನಕ ಇಷ್ಟಪಡೋ ಕೆಲವು ಹರಡಿಕೊಳ್ತವೆ. 1990ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನವರು ರಸ್ತೆ ಬದಿಯ ಮರಗಳ ಲೈಕೆನ್ ನೋಡಿಯೇ ಎಲ್ಲಿ ದನದ ಫಾರ್ಮುಗಳ ಅಮೋನಿಯಾ ಹೆಚ್ಚು ಅಂತ ಮ್ಯಾಪ್ ಮಾಡಿದ್ರು. ಅದೇ ದೇಶದಲ್ಲಿ 2019ರಲ್ಲಿ, ಕಾಡು ಕುರುಚಲಿನ ಮೇಲೆ ಬೀಳೋ ಸಾರಜನಕದ ವಿಷಯದಲ್ಲಿ ಕೋರ್ಟ್ ತೀರ್ಪು ಬಂದು ಸಾವಿರಾರು ಯೋಜನೆಗಳು ನಿಂತವು, ರೈತರು ಟ್ರ್ಯಾಕ್ಟರ್ ಓಡಿಸಿಕೊಂಡು ಹೇಗ್ ನಗರಕ್ಕೆ ನುಗ್ಗಿದ್ರು. ಒಂದು ಕಾಲದಲ್ಲಿ ಮಲಬಾರಿನಿಂದ ಕಾಫಿ ಗಿಡ ಒಯ್ದು ಜಾವಾದಲ್ಲಿ ನೆಟ್ಟವರೂ ಇದೇ ಡಚ್ಚರು, ನೆನಪಿರಲಿ.

ನಮ್ಮ ಕಡೆಯದು ಒಂದು ಲೆಕ್ಕ ಹೇಳ್ತೀನಿ, ನನಗೆ ನಿದ್ದೆ ಕೆಡಿಸಿದ್ದು ಇದೇ. ಲೈಕೆನ್‌ಗಳು ಸುರಕ್ಷಿತವಾಗಿರಬೇಕು ಅಂದ್ರೆ ಗಾಳಿಯಲ್ಲಿ ಅಮೋನಿಯಾ ವರ್ಷದ ಸರಾಸರಿ ಘನ ಮೀಟರಿಗೆ 1 ಮೈಕ್ರೋಗ್ರಾಂ ದಾಟಬಾರದು ಅಂತ ಯುರೋಪಿನ ವಿಜ್ಞಾನಿಗಳು ಗೊತ್ತುಮಾಡಿದ್ದಾರೆ. ಬೇರೆ ಗಿಡಗಳಿಗೆ 3. ನಮ್ಮ ದೇಶದ 2009ರ ಗಾಳಿ ಗುಣಮಟ್ಟದ ನಿಯಮದಲ್ಲಿ ಅಮೋನಿಯಾದ ವಾರ್ಷಿಕ ಮಿತಿ 100. ಅಂದ್ರೆ 60 ಇದ್ರೂ ಕಾಗದದ ಮೇಲೆ ಗಾಳಿ ಶುದ್ಧ. ಆ ನಿಯಮದಲ್ಲಿ ಪರಿಸರ ಸೂಕ್ಷ್ಮ ಪ್ರದೇಶಕ್ಕೆ ನೈಟ್ರೋಜನ್ ಡೈಆಕ್ಸೈಡ್ ಮಿತಿಯನ್ನ 40ರಿಂದ 30ಕ್ಕೆ ಇಳಿಸಿದ್ದಾರೆ, ಅಮೋನಿಯಾಕ್ಕೆ ಆ ರಿಯಾಯಿತಿ ಇಲ್ಲ. ಕಳಸದ ಗಾಳಿ ಗಂಗಾ ಬಯಲಿನ ಥರ ಕೆಟ್ಟಿದೆ ಅಂತ ನಾನು ಹೇಳ್ತಿಲ್ಲ. ಕೆಡೋಕೆ ಶುರುವಾದ್ರೆ ಆ ಮಿತಿ ನಮಗೆ ಹೇಳೋಲ್ಲ, ಕಲ್ಲುಹೂವು ಹೇಳುತ್ತೆ.

ಅದಕ್ಕೇ ಒಂದು ಕೆಲಸ ಕೊಡ್ತೀನಿ. ಈ ವಾರ ನಿಮ್ಮ ತೋಟದಲ್ಲಿ ಮೂರು ಮರ ನೋಡಿ: ಕೊಟ್ಟಿಗೆ ಪಕ್ಕದ್ದು ಒಂದು, ರಸ್ತೆ ಬದಿಯದ್ದು ಒಂದು, ಕಾಡಿನ ಅಂಚಿಂದು ಒಂದು. ಮೂರೂ ಒಂದೇ ಜಾತಿಯ ಮರ ಆಗಿರಲಿ. ಎದೆ ಎತ್ತರದಲ್ಲಿ, ಸ್ಕೇಲ್ ಪಕ್ಕಕ್ಕಿಟ್ಟು ಕಾಂಡದ ಫೋಟೋ ತೆಗೆದು ನನಗೆ ಮೆಸೇಜ್ ಮಾಡಿ. ಕಿತ್ತು ತರಬೇಡಿ; ಅದು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯೋದು. ಮನೇಲಿ ಯೂರಿಯಾ ಯಾವಾಗ ಹಾಕಿದ್ರು, ಆಮೇಲೆ ಎಷ್ಟು ದಿನಕ್ಕೆ ಮಳೆ ಬಂತು ಅಂತ ಅಪ್ಪನ ಹತ್ರ ಕೇಳಿ ಅದನ್ನೂ ಬರೀರಿ.

#ಮಲೆನಾಡು #ಮೂಡಿಗೆರೆ #ಕಳಸ #ಕಲ್ಲುಹೂವು