ಭಿತ್ತಿಪತ್ರದ ಜೀರ್ಣೋದ್ಧಾರ

ಒಂದು ವಾರ ಬಾಳಿದರೆ ಸಾಕೆಂದು ಅಚ್ಚು ಹಾಕಿದ ಕಾಗದವೊಂದು ಎಂಬತ್ತು ತೊಂಬತ್ತು ವರ್ಷ ಉಳಿದುಬಂದರೆ ಅದನ್ನು ಏನು ಮಾಡಬೇಕು? ಹರಿದುದನ್ನು ಕೂಡಿಸಿ, ಮಾಸಿದೆಡೆ ಬಣ್ಣ ತುಂಬಿ, ಹೊಸದರಂತೆ ಮಾಡಬೇಕೆ? ಕಾಲವು ಕೊಟ್ಟ ರೂಪದಲ್ಲಿಯೇ ಬಿಡಬೇಕೆ? ಹಳೆಯ ಚಲನಚಿತ್ರಗಳ ಭಿತ್ತಿಪತ್ರಗಳನ್ನು ಸಂಗ್ರಹಿಸುವವರ ನಡುವೆ ಈ ವಾದ ಬಹುಕಾಲದಿಂದ ನಡೆದುಬಂದಿದೆ. ಮೇಲುನೋಟಕ್ಕೆ ಇದು ಉಳ್ಳವರ ಹವ್ಯಾಸದ ಮಾತೆಂದು ತೋರಬಹುದು. ಒಳಹೊಕ್ಕು ನೋಡಿದರೆ ಇದು ಇತಿಹಾಸದ ಪ್ರಶ್ನೆಯೇ ಸರಿ.

ಈ ವಾದ ಹೆಚ್ಚು ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ 27 ಅಂಗುಲ ಅಗಲ, 41 ಅಂಗುಲ ಉದ್ದದ ಹಾಳೆ ಬಹುಕಾಲ ರೂಢಿಯ ಅಳತೆಯಾಗಿತ್ತು. ಹಾಳೆಗಳು ವಿತರಣಾ ಕೇಂದ್ರದಿಂದ ಮಡಿಕೆಯಾಗಿ ಬರುತ್ತಿದ್ದವು. ಒಂದೂರಿನ ಪ್ರದರ್ಶನ ಮುಗಿದ ಮೇಲೆ ಎಷ್ಟೋ ಹಾಳೆಗಳು ಹಿಂದಿರುಗಿ ಮತ್ತೊಂದೂರಿಗೆ ಪಯಣ ಬೆಳೆಸುತ್ತಿದ್ದವು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ರದ್ದಿಕಾಗದ ಸಂಗ್ರಹದ ಚಳವಳಿ ನಡೆದಾಗ ಹಳೆಯ ಹಾಳೆಗಳ ರಾಶಿ ಅದರಲ್ಲಿ ಕರಗಿಹೋಯಿತು. ಹೀಗೆ ಅಳಿದುಳಿದ ಪ್ರತಿಯ ಮೇಲಿನ ಮಡಿಕೆಯ ಗೆರೆ, ಮೂಲೆಗಳ ಮೊಳೆತೂತು, ಇವೆಲ್ಲ ಅದರ ಪಯಣದ ದಿನಚರಿಯಂತಿವೆ. ಅಂಗಡಿಗಳ ಕಿಟಕಿಯಲ್ಲಿಡುತ್ತಿದ್ದ 14 ಅಂಗುಲ ಅಗಲ, 22 ಅಂಗುಲ ಉದ್ದದ ರಟ್ಟುಗಳಲ್ಲಿ ಮೇಲ್ಭಾಗವನ್ನು ಖಾಲಿ ಬಿಟ್ಟಿರುತ್ತಿದ್ದರು. ಅಲ್ಲಿ ಊರಿನ ಚಿತ್ರಮಂದಿರದ ಹೆಸರು, ಪ್ರದರ್ಶನದ ದಿನ ಮುದ್ರಿತವಾಗುತ್ತಿತ್ತು. ಅಂದ ಕೆಡುತ್ತದೆಂದು ಆ ಪಟ್ಟಿಯನ್ನು ಕತ್ತರಿಸಿ ತೆಗೆದವರುಂಟು. ಚಿತ್ರವೇನೋ ಉಳಿಯಿತು, ಯಾವ ಊರಿನ ಜನ ಯಾವ ದಿನ ಅದನ್ನು ಕಂಡರೆಂಬ ಸಂಗತಿ ಅಳಿಯಿತು. ಬೆಲ್ಜಿಯಂ ದೇಶದ ಭಿತ್ತಿಪತ್ರಗಳ ಮೇಲಿನ ತೆರಿಗೆಯ ಮುದ್ರೆಯೂ ಇಂಥದೇ ಸಾಕ್ಷ್ಯ. ಅದನ್ನು ಅಳಿಸುವುದೆಂದರೆ ದಾಖಲೆಯ ಒಂದು ಸಾಲನ್ನು ಅಳಿಸಿದಂತೆ.

ಹಾಗೆಂದು ಜೀರ್ಣತೆಯೆಲ್ಲ ಪವಿತ್ರವೆನ್ನಲಾಗದು. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲಾಂಶವಿರುತ್ತದೆ. ಅದು ಒಳಗಿನಿಂದಲೇ ಹಾಳೆಯನ್ನು ಹಳದಿಗಟ್ಟಿಸಿ ಪುಡಿಮಾಡುತ್ತದೆ. ಹರಿದೆಡೆ ಯಾರೋ ಹಚ್ಚಿದ ಸೆಲೋಟೇಪು ಕಂದು ಕಲೆಯಾಗಿ ಕಾಗದಕ್ಕೆ ಇಳಿಯುತ್ತದೆ. ಇವು ಮುಪ್ಪಿನ ಸುಕ್ಕುಗಳಲ್ಲ, ರೋಗಗಳು. ಪೆನ್ಸಿಲ್ವೇನಿಯದ ಬರ್ವಿಕ್ ಎಂಬಲ್ಲಿ ದೊರೆತ ಒಂದು ಕಟ್ಟನ್ನು ನೆನೆಯಬಹುದು. 1930-31ರ ಸುಮಾರಿನ 33 ಭಿತ್ತಿಪತ್ರಗಳು ಒಂದರ ಮೇಲೊಂದು ಅಂಟಿಕೊಂಡು ಒಂದೇ ಹಲಗೆಯಂತಾಗಿದ್ದವು. ಇದ್ದುದನ್ನು ಇದ್ದಂತೆಯೇ ಬಿಡಬೇಕೆಂಬ ವ್ರತ ಹಿಡಿದಿದ್ದರೆ ಮೇಲಿನದೊಂದನ್ನು ಬಿಟ್ಟು ಉಳಿದವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ತಾಳ್ಮೆಯಿಂದ ಪದರ ಪದರವಾಗಿ ಬಿಡಿಸಿದ್ದರಿಂದಲೇ 2012ರಲ್ಲಿ ಅವು ಹರಾಜಿನ ಕಟ್ಟೆ ಏರಿದವು.

ಚಲನಚಿತ್ರವೇ ನಾಶವಾಗಿರುವಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮ. ಟಾಡ್ ಬ್ರೌನಿಂಗ್ 1927ರಲ್ಲಿ ನಿರ್ದೇಶಿಸಿದ ‘ಲಂಡನ್ ಆಫ್ಟರ್ ಮಿಡ್‌ನೈಟ್’ ಚಿತ್ರದ ಕೊನೆಯ ಪ್ರತಿ 1965ರಲ್ಲಿ ಎಂ.ಜಿ.ಎಂ. ಸಂಸ್ಥೆಯ ಉಗ್ರಾಣಕ್ಕೆ ಬಿದ್ದ ಬೆಂಕಿಯಲ್ಲಿ ಬೂದಿಯಾಯಿತು. ಅದರ ಭಿತ್ತಿಪತ್ರವೊಂದು 2014ರಲ್ಲಿ 4,78,000 ಡಾಲರಿಗೆ ಮಾರಾಟವಾಯಿತು. ನಮ್ಮ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನ’ವೂ ಇಂದು ನೋಡಲು ದೊರೆಯುವುದಿಲ್ಲ. ಇಂಥ ಕಡೆಗಳಲ್ಲಿ ಜಾಹೀರಾತಿನ ಕಾಗದವೇ ಸಾಕ್ಷಿ ನುಡಿಯಬೇಕು. ಆ ಸಾಕ್ಷಿಯ ಬಾಯಲ್ಲಿ ನಮ್ಮ ಊಹೆಯ ಮಾತು ತುರುಕಬಹುದೆ?

ಇದಕ್ಕೆ ಉತ್ತರವನ್ನು ನಾವು ದೂರ ಹುಡುಕಬೇಕಾಗಿಲ್ಲ. ಓಲೆಗರಿಯ ಪ್ರತಿಗಳಿಂದ ಹಳಗನ್ನಡ ಕಾವ್ಯಗಳನ್ನು ಪರಿಷ್ಕರಿಸಿದ ನಮ್ಮ ವಿದ್ವಾಂಸರು ಹುಳು ತಿಂದ ಅಕ್ಷರಗಳನ್ನು ತಮ್ಮ ಕವಿತ್ವದಿಂದ ತುಂಬಿ ಸುಮ್ಮನಾಗಲಿಲ್ಲ. ಗ್ರಂಥಪಾತವಾದೆಡೆ ಚುಕ್ಕಿಗಳನ್ನಿಟ್ಟರು, ಊಹಿಸಿದ ಪಾಠವನ್ನು ಕಂಸದೊಳಗೆ ಕೊಟ್ಟರು. ಶಾಸನಗಳನ್ನು ಓದಿದವರ ಕ್ರಮವೂ ಇದೇ. ಇಟಲಿಯ ಸೆಸಾರೆ ಬ್ರಾಂದಿ ಚಿತ್ರಕಲೆಯ ವಿಷಯದಲ್ಲಿ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. ಬಣ್ಣ ಉದುರಿದ ಜಾಗವನ್ನು ಸಣ್ಣ ಲಂಬ ಗೆರೆಗಳಿಂದ ತುಂಬುವ ಪದ್ಧತಿಯೊಂದು ಅವರ ಕಾಲದಲ್ಲಿ ರೋಮಿನ ಜೀರ್ಣೋದ್ಧಾರ ಸಂಸ್ಥೆಯಲ್ಲಿ ರೂಪುಗೊಂಡಿತು. ದೂರದಿಂದ ನೋಡಿದರೆ ಚಿತ್ರ ಅಖಂಡ. ಹತ್ತಿರ ಬಂದರೆ ಯಾವುದು ಮೂಲ, ಯಾವುದು ತೇಪೆ ಎಂಬುದು ಸ್ಪಷ್ಟ.

ಭಿತ್ತಿಪತ್ರಕ್ಕೂ ಇದೇ ನ್ಯಾಯ ಸಲ್ಲಬೇಕು. ಶಿಥಿಲವಾದ ಹಾಳೆಗೆ ತೆಳುವಾದ ಜಪಾನಿ ಕಾಗದವನ್ನು ಒತ್ತಾಗಿಟ್ಟು, ಬೇಕೆಂದಾಗ ನೀರಿನಲ್ಲಿ ಬಿಡಿಸಬಹುದಾದ ಗೋಧಿಯ ಅಂಟಿನಿಂದ ಬಟ್ಟೆಯ ಬೆಂಬಲ ಕೊಡುವುದು ಚಿಕಿತ್ಸೆ. ಹಿಂಬದಿಯಲ್ಲಿ ಬರಹವೋ ಮುದ್ರೆಯೋ ಇದ್ದರೆ ಬಟ್ಟೆ ಹಚ್ಚುವ ಮೊದಲು ಅದರ ಛಾಯಾಚಿತ್ರ ತೆಗೆದಿಡಬೇಕು. ಇಲ್ಲದ ಮುಖವನ್ನು ಹೊಸದಾಗಿ ಬರೆದು, ಮಡಿಕೆಗಳನ್ನೆಲ್ಲ ಬಣ್ಣದಿಂದ ಮುಚ್ಚಿ, ಏನೂ ಆಗಿಲ್ಲವೆಂಬಂತೆ ಮಾರುವುದು ವೇಷ ಕಟ್ಟಿದಂತೆ. ಅದರಿಂದ ಕೊಳ್ಳುವವನಷ್ಟೇ ಅಲ್ಲ, ಇತಿಹಾಸವನ್ನು ಬರೆಯುವವನೂ ಮೋಸಹೋಗುತ್ತಾನೆ.

ಹಳೆಯ ವಸ್ತುವಿಗೆ ನಾವು ಒಡೆಯರೆಂದು ಭಾವಿಸುವುದಕ್ಕಿಂತ ಕೆಲಕಾಲದ ಕಾವಲುಗಾರರೆಂದು ತಿಳಿಯುವುದು ಲೇಸು. ಕಾಗದವನ್ನು ಸಾವಿನಿಂದ ಉಳಿಸೋಣ; ಅದರ ವಯಸ್ಸನ್ನು ಬಚ್ಚಿಡದಿರೋಣ. ನಮ್ಮ ಮುಂದಿನವರು ಅದನ್ನು ಕೈಗೆತ್ತಿಕೊಂಡಾಗ ಮೂಲ ಕಲಾವಿದನ ಕೈ ಯಾವುದು, ಕಾಲದ ಕೈ ಯಾವುದು, ನಮ್ಮ ಕೈ ಯಾವುದು ಎಂಬುದನ್ನು ಬೇರೆಬೇರೆಯಾಗಿ ಗುರುತಿಸುವಂತಿದ್ದರೆ, ನಮ್ಮ ಪಾಲಿನ ಕೆಲಸ ಸಂದಿತೆಂದೇ ಹೇಳಬೇಕು.