ಗಣಿ ಸಂವೇದಕಗಳ ಇತಿಹಾಸ

ಗಣಿಯೊಳಗಿನ ಅನಿಲ, ಬಂಡೆಯ ಮೇಲಿನ ಒತ್ತಡ, ನೆಲದ ಅಲುಗಾಟ ಮೊದಲಾದವನ್ನು ಗುರುತಿಸಿ ಅಳೆಯುವ ಸಾಧನಗಳೇ ಗಣಿ ಸಂವೇದಕಗಳು. ಮೀಥೇನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಿರಿಯಲಿರುವ ಬಂಡೆ ಹೊರನೋಟಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಹೀಗೆ ಕಣ್ಣು, ಮೂಗಿಗೆ ಸಿಗದ ಅಪಾಯವನ್ನು ಮೊದಲೇ ಅರಿಯುವ ಪ್ರಯತ್ನವಾಗಿ ಈ ತಂತ್ರಜ್ಞಾನ ಬೆಳೆಯಿತು.

ದೀಪ ಮತ್ತು ಹಕ್ಕಿ

1812ರಲ್ಲಿ ಇಂಗ್ಲೆಂಡಿನ ಫೆಲಿಂಗ್ ಕಲ್ಲಿದ್ದಲು ಗಣಿ ಸ್ಫೋಟಗೊಂಡು 92 ಮಂದಿ ಸತ್ತರು. ಇಂಥ ಅನಾಹುತ ತಡೆಯಲೆಂದು 1815ರಲ್ಲಿ ಹಂಫ್ರಿ ಡೇವಿ ಉರಿಯ ಸುತ್ತ ಸಣ್ಣ ಕಣ್ಣಿನ ತಂತಿ ಬಲೆ ಹೊದಿಸಿದ ಸುರಕ್ಷಾ ದೀಪ ರೂಪಿಸಿದ. ಬೆಳಕಿಗೆಂದು ಬಂದ ಈ ದೀಪ ಅನಿಲ ಮಾಪಕವೂ ಆಯಿತು. ಬತ್ತಿಯನ್ನು ತಗ್ಗಿಸಿ ದೀಪವನ್ನು ಮೆಲ್ಲಗೆ ಚಾವಣಿಯತ್ತ ಎತ್ತಿದರೆ, ಹಗುರವಾದ ಮೀಥೇನ್ ಅಲ್ಲಿ ಸೇರಿದ್ದಲ್ಲಿ ಉರಿಯ ತುದಿಗೆ ನಸುನೀಲಿ ಟೋಪಿ ಮೂಡುತ್ತಿತ್ತು. ಟೋಪಿ ಎತ್ತರವಾದಷ್ಟೂ ಅನಿಲ ಹೆಚ್ಚು. ಗಾಳಿಯಲ್ಲಿ ಮೀಥೇನ್ ಸುಮಾರು ಶೇ 5ರಿಂದ 15ರಷ್ಟಿದ್ದರೆ ಒಂದು ಕಿಡಿಗೇ ಸ್ಫೋಟಿಸುತ್ತದೆ.

ಕಾರ್ಬನ್ ಮಾನಾಕ್ಸೈಡ್ ಮಾತ್ರ ದೀಪಕ್ಕೆ ಸಿಗುತ್ತಿರಲಿಲ್ಲ. ಗಣಿ ಸ್ಫೋಟಗಳಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಈ ವಿಷಾನಿಲವೇ ಎಂದು ಜಾನ್ ಸ್ಕಾಟ್ ಹಾಲ್ಡೇನ್ 1896ರ ವರದಿಯಲ್ಲಿ ತೋರಿಸಿದ. ಇಲಿ, ಕ್ಯಾನರಿ ಹಕ್ಕಿಯಂಥ ಸಣ್ಣ ಜೀವಿಗಳನ್ನು ಒಯ್ಯುವಂತೆ ಸಲಹೆ ಕೊಟ್ಟವನೂ ಅವನೇ. ವೇಗವಾಗಿ ಉಸಿರಾಡುವ ಹಕ್ಕಿ ಮನುಷ್ಯನಿಗಿಂತ ಮೊದಲು ಸೋತು ಕೂರುಗೋಲಿನಿಂದ ಬೀಳುತ್ತಿತ್ತು. ಬಿದ್ದ ಹಕ್ಕಿಯನ್ನು ಚೇತರಿಸಲು ಆಮ್ಲಜನಕದ ಸಿಲಿಂಡರ್ ಜೋಡಿಸಿದ ಪಂಜರಗಳೂ ಇದ್ದವು. ಬ್ರಿಟನ್ ಕ್ಯಾನರಿಗಳನ್ನು ಕೈಬಿಟ್ಟು ಎಲೆಕ್ಟ್ರಾನಿಕ್ ಮಾಪಕಗಳಿಗೆ ಬದಲಾಗುವ ತೀರ್ಮಾನ ಪ್ರಕಟಿಸಿದ್ದು 1986ರಲ್ಲಿ.

ಬಿಸಿಯೇರುವ ಮಣಿ

20ನೇ ಶತಮಾನದ ಮಧ್ಯದಲ್ಲಿ ಬ್ರಿಟನ್ನಿನಲ್ಲಿ ಅಭಿವೃದ್ಧಿಯಾದ ಪೆಲಿಸ್ಟರ್, ಮೀಥೇನ್ ಪತ್ತೆಯಲ್ಲಿ ದೀಪದ ಸ್ಥಾನ ಹಿಡಿಯಿತು. ಇದರ ತಿರುಳು, ಪ್ಲಾಟಿನಂ ತಂತಿಯ ಸುರುಳಿಯನ್ನು ಒಳಗಿಟ್ಟುಕೊಂಡು ವೇಗವರ್ಧಕ ಲೇಪಿಸಿದ ಪುಟ್ಟ ಪಿಂಗಾಣಿ ಮಣಿ. ಮೀಥೇನ್ ಮಣಿಯ ಮೇಲೆ ಉರಿದಾಗ ತಂತಿ ಬಿಸಿಯಾಗಿ ಅದರ ವಿದ್ಯುತ್ ರೋಧ ಏರುತ್ತದೆ. ಆ ಏರಿಕೆಯೇ ಅನಿಲದ ಅಳತೆ. ಮಾಪಕವನ್ನು ಯಂತ್ರಕ್ಕೇ ಜೋಡಿಸಿ, ಮಿತಿ ಮೀರಿದೊಡನೆ ವಿದ್ಯುತ್ ಕಡಿತವಾಗುವಂತೆ ಮಾಡಲು ಇದರಿಂದ ಸಾಧ್ಯವಾಯಿತು.

ಬಂಡೆಗೆ ಕಿವಿ: ಕೋಲಾರ

ಅಮೆರಿಕದ ಬ್ಯೂರೋ ಆಫ್ ಮೈನ್ಸ್‌ನಲ್ಲಿ ಲಿಯೊನಾರ್ಡ್ ಒಬರ್ಟ್, ವಿಲ್ಬರ್ ಡುವಾಲ್ 1930ರ ದಶಕದ ಕೊನೆಯಲ್ಲಿ ಆರಂಭಿಸಿದ ಕೆಲಸದಿಂದ, ಒತ್ತಡಕ್ಕೆ ಸಿಕ್ಕ ಬಂಡೆ ತಾನೇ ಸಣ್ಣ ಸದ್ದು ಮಾಡುತ್ತದೆಂಬುದು ತಿಳಿಯಿತು.

ಈ ಸದ್ದನ್ನು ಆಲಿಸುವ ವಿದ್ಯೆ ತುರ್ತಾಗಿ ಬೇಕಾಗಿದ್ದ ಜಾಗಗಳಲ್ಲಿ ಕೋಲಾರ ಚಿನ್ನದ ಗಣಿ (ಕೆಜಿಎಫ್) ಒಂದು. ಇಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಕಾಲಿಟ್ಟಿತು. ಚಾಂಪಿಯನ್ ರೀಫ್ ಗಣಿ ಕಾಲಕ್ರಮೇಣ 3 ಕಿ.ಮೀ.ಗೂ ಆಳಕ್ಕಿಳಿಯಿತು. ಅದಿರು ತೆಗೆದಂತೆಲ್ಲ ಮೇಲಿನ ಭಾರ ಅಕ್ಕಪಕ್ಕದ ಬಂಡೆಗೆ ಬಿದ್ದು, ಅದು ಹಠಾತ್ತನೆ ಸಿಡಿಯುತ್ತಿತ್ತು. ಈ ರಾಕ್‌ಬರ್ಸ್ಟ್‌ಗಳ ನಡುಕ ಮೇಲಿನ ಊರಿಗೂ ತಿಳಿಯುತ್ತಿತ್ತು. 1970ರ ದಶಕದ ಕೊನೆಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದ ಇಲ್ಲಿ ನೆಲದ ಕಂಪನ ಹಿಡಿಯುವ ಜಿಯೋಫೋನ್‌ಗಳ ಜಾಲ ಬಂತು. ಲೆಕ್ಕ ಸರಳ: ಗಟ್ಟಿ ಬಂಡೆಯಲ್ಲಿ ಕಂಪನ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಒಂದು ಜಿಯೋಫೋನ್ ಇನ್ನೊಂದಕ್ಕಿಂತ ಸೆಕೆಂಡಿನ ನೂರನೇ ಒಂದು ಭಾಗ ತಡವಾಗಿ ಕೇಳಿಸಿಕೊಂಡರೆ ಅದು ಸಿಡಿತದ ಜಾಗಕ್ಕೆ 60 ಮೀಟರ್ ಹೆಚ್ಚು ದೂರದಲ್ಲಿದೆ ಎಂದರ್ಥ. ಇಂಥ ಹಲವು ವ್ಯತ್ಯಾಸಗಳನ್ನು ಕೂಡಿಸಿದರೆ ಬಂಡೆ ಸಿಡಿದ ಜಾಗ ಸಿಗುತ್ತದೆ. 1988ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಕೆಜಿಎಫ್‌ನಲ್ಲೇ ಹುಟ್ಟಿತು. 2001ರಲ್ಲಿ ಗಣಿ ಮುಚ್ಚಿ ಸುರಂಗಗಳಲ್ಲಿ ನೀರು ತುಂಬಿದ ಮೇಲೂ ನೆಲದ ನಡುಕ ದಾಖಲಾಗಿದೆ.

ತೆರೆದ ಗಣಿಗಳು

ತೆರೆದ ಗಣಿಗಳಲ್ಲಿ ಇಳಿಜಾರಿನ ಮಿಲಿಮೀಟರ್ ಸರಿತವನ್ನೂ ಹಿಡಿಯುವ ರಾಡಾರ್‌ಗಳು 21ನೇ ಶತಮಾನದ ಆರಂಭದಲ್ಲಿ ಬಳಕೆಗೆ ಬಂದವು. ಅಮೆರಿಕದ ಯೂಟಾದ ಬಿಂಗಮ್ ಕ್ಯಾನಿಯನ್ ತಾಮ್ರ ಗಣಿಯಲ್ಲಿ 2013ರ ಏಪ್ರಿಲ್ 10ರಂದು ಭಾರೀ ಕುಸಿತವಾಯಿತು. ಉಪಕರಣಗಳು ಚಲನೆಯನ್ನು ಮೊದಲೇ ಹಿಡಿದಿದ್ದರಿಂದ ಕೆಲಸಗಾರರನ್ನು ಹೊರತಂದಾಗಿತ್ತು; ಒಬ್ಬರಿಗೂ ಗಾಯವಾಗಲಿಲ್ಲ.

ಮಿತಿಗಳು

ಸಂವೇದಕವೂ ಕೆಡುತ್ತದೆ. ಸಿಲಿಕೋನ್ ಆವಿ ತಗುಲಿದರೆ ಪೆಲಿಸ್ಟರ್‌ನ ವೇಗವರ್ಧಕ ಸಾಯುತ್ತದೆ, ಆಗ ಅನಿಲವಿದ್ದರೂ ಮುಳ್ಳು ಸೊನ್ನೆಯಲ್ಲೇ ನಿಲ್ಲುತ್ತದೆ. ಆದ್ದರಿಂದ ಪ್ರಮಾಣ ಗೊತ್ತಿರುವ ಅನಿಲ ಹಾಯಿಸಿ ಮಾಪಕವನ್ನು ಆಗಾಗ ಪರೀಕ್ಷಿಸುವುದು ಅಗತ್ಯ. ಸತ್ತ ಕ್ಯಾನರಿ ಅಪಾಯವಿದೆ ಎಂದು ಸಾರುತ್ತಿತ್ತು. ಸತ್ತ ಮಣಿ ಅಪಾಯವಿಲ್ಲ ಎನ್ನುತ್ತದೆ.